ದಾರಿ ತಪ್ಪಿದವರಲ್ಲ, ಬೇರೆ ದಾರಿಯವರು

ಉಡುಪಿ ಜಿಲ್ಲೆಯ ಹಿರಿಯಡ್ಕಕ್ಕೆ ಮಣಿಪಾಲ ಹತ್ತಿರ. ಹಾಗಾಗಿ ಮಕ್ಕಳ ಭವಿಷ್ಯವೆಂದರೆ ಇಲ್ಲಿನ ಹೆತ್ತವರಿಗೆ ಆಸ್ಪತ್ರೆ, ಎಂಜಿನಿಯರಿಂಗ್, ಬ್ಯಾಂಕು ಮೊದಲು ನೆನಪಾಗುವುದು ಸಹಜ. ಆ ಅಚ್ಚಿಗೆ ಒಗ್ಗದ ಮಗನೋ ಮಗಳೋ ಇದ್ದರೆ, "ಒಂದು ನೆಲೆ ಸಿಕ್ಕಿದ್ದರೆ ಸಾಕಿತ್ತು" ಎಂಬ ನಿಟ್ಟುಸಿರು. ಆದರೆ ಈ ಊರಿನ ಹೆಸರನ್ನು ದೂರಕ್ಕೆ ಒಯ್ದದ್ದು ಯಕ್ಷಗಾನದ ಮದ್ದಳೆ. ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡ ಹಿರಿಯಡ್ಕ ಗೋಪಾಲ ರಾವ್ 'ಏರು ಮದ್ದಳೆ'ಗೆ ಹೆಸರಾದವರು. ಕೋಟದ ಸಾಹಿತಿ ಶಿವರಾಮ ಕಾರಂತರಂತೂ ಅಸಹಕಾರ ಚಳವಳಿಗೆಂದು ಕಾಲೇಜನ್ನೇ ಬಿಟ್ಟವರು.

ಇವರೆಲ್ಲ ಅಪವಾದ, ಅಪವಾದವನ್ನು ನಂಬಿ ಸಂಸಾರ ನಡೆಯುವುದಿಲ್ಲ ಎನ್ನಬಹುದು. ಮಾತು ಸುಳ್ಳಲ್ಲ. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ಮಳೆಗಾಲದ ಖರ್ಚಿಗೆ ಬೇರೆ ದಾರಿ ಹುಡುಕಬೇಕು. ಆದರೆ ಇದರಿಂದ ಸಾಬೀತಾಗುವುದು ಒಲವು ತಪ್ಪೆಂದಲ್ಲ, ಒಲವೊಂದೇ ಸಾಲದು ಎಂದು. ಅದಕ್ಕೆ ಒತ್ತಾಸೆಯಾಗುವ ವ್ಯವಸ್ಥೆಯೂ ಬೇಕು. ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿದ ಮೇಲೆ ಕಲೆಗೆ ತರಗತಿ ಬಂತು, ಕಲಾವಿದನಿಗೆ ಗುರುವಿನ ಹುದ್ದೆ ಬಂತು. ಕಾರಂತರೂ ತಮ್ಮ ಬರವಣಿಗೆಗೆ ಒತ್ತಾಸೆಯಾಗಿ ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು. ಆದ್ದರಿಂದ "ಇದರಲ್ಲಿ ಎಷ್ಟು ಸಿಗುತ್ತದೆ?" ಎಂದು ಹೆತ್ತವರು ಕೇಳಲಿ, ಅದು ನ್ಯಾಯವಾದ ಪ್ರಶ್ನೆ. ಜೊತೆಗೆ "ಯಾರ ಬಳಿ ಕಲಿಯುತ್ತೀ, ಮಳೆಗಾಲಕ್ಕೆ ಏನು ಮಾಡುತ್ತೀ?" ಎಂದೂ ಕೇಳಲಿ. ಮೊದಲ ಪ್ರಶ್ನೆಯಷ್ಟೇ ಆದರೆ ಮಾತು ಜಗಳಕ್ಕೆ ತಿರುಗುತ್ತದೆ. ಉಳಿದೆರಡು ಸೇರಿದರೆ ಮನೆಯವರೆಲ್ಲ ಕೂತು ಲೆಕ್ಕ ಹಾಕಬಹುದಾದ ಯೋಜನೆಯಾಗುತ್ತದೆ.