ಶನಿವಾರದ ತುರುಬು



ನಮ್ಮ ಶಾಲೆಯ ಎರಡು ಜಡೆಗಳನ್ನು ನೀವಾರೂ ಮರೆತಿರಲಾರಿರಿ. ನಡುಬೈತಲೆ, ಬಿಗಿಯಾದ ಹೆಣಿಗೆ, ಮಡಿಸಿ ಕಟ್ಟಿದ ಟೇಪು. ಇವಿಲ್ಲದೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವಂತಿರಲಿಲ್ಲ. ನಾವೂ ಬಾಲ್ಯದಲ್ಲಿ ಮಿಷನ್ ಶಾಲೆಯೊಂದರಲ್ಲಿ ಹಾಗೆಯೇ ನಿಂತವರು. ಮುಖ್ಯೋಪಾಧ್ಯಾಯಿನಿಯಾದ ಮೇಲೆ ಇತರರನ್ನು ಹಾಗೆಯೇ ನಿಲ್ಲಿಸಿದವರು. ಈಗ ಸಮವಸ್ತ್ರವಿಲ್ಲದ ಶನಿವಾರಗಳಲ್ಲಿ ಬಾಲಿಕೆಯರು ಸರಳವಾದ ತುರುಬು ಕಟ್ಟಿ ಬರುವುದನ್ನು ಕಂಡು ಕೆಲವರು ಕಾರಣ ಕೇಳಿರುವರು. ಅದನ್ನು ತಿಳಿಸುವುದು ನಮ್ಮ ಕರ್ತವ್ಯ. ಅದರಲ್ಲಿ ನಮ್ಮದೇ ತಪ್ಪೊಂದು ಅಡಗಿದೆ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಒಂದು ಶನಿವಾರ, ಮಳವಳ್ಳಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತುರುಬು ಕಟ್ಟಿ ಬಂದಳು. “ಮುದುಕಿಯಂತೆ ಇದೇನು ವೇಷ?” ಎಂದು ಎಲ್ಲರೆದುರಿಗೆ ಗದರಿಸಿದೆವು. ಸಾಲಿನಲ್ಲಿದ್ದವರು ನಕ್ಕರು. ಅವಳು ತಲೆ ತಗ್ಗಿಸಿ, “ಅವ್ವ ನಾಟಿಗೆ ಹೋಗವ್ಳೆ ಮಿಸ್. ತಂಗಿಗೆ ಜಡೆ ಹಾಕ್ದೆ. ನಂಗೆ ಹಾಕೊಳ್ಳೋಕೆ ಹೊತ್ತಾಗ್ಲಿಲ್ಲ” ಎಂದಳು.

ಮದ್ದೂರು, ಮಳವಳ್ಳಿ ಸೀಮೆಯ ಎಷ್ಟೋ ಗದ್ದೆಗಳು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದವು. ಅಲ್ಲಿಗೆ ನೀರು ತಡವಾಗಿ ಮುಟ್ಟುವುದು. ಮುಟ್ಟಿದೊಡನೆ ನಾಟಿಗೆ ಕೈಗಳೇ ಸಾಲವು. ಮಂಡ್ಯದಲ್ಲಿ ಇಷ್ಟು ಕಾಲ ಪಾಠ ಹೇಳಿದ ನಮಗೆ ಇದು ತಿಳಿಯದ ಸಂಗತಿಯಲ್ಲ. ಆದರೂ ನಾಲೆಯ ನೀರಿಗೂ ಬಾಲೆಯೊಬ್ಬಳ ತಲೆಗೂದಲಿಗೂ ಸಂಬಂಧವುಂಟೆಂದು ನಾವು ಯೋಚಿಸಿರಲಿಲ್ಲ.

ಅಂದು ಶಾಲೆಯ ತೋಟದಲ್ಲಿ ಬಗ್ಗಿ ಕಳೆ ಕೀಳುವಾಗ ಉಳಿದವರ ಜಡೆಗಳು ಮಣ್ಣಿಗೆ ತಾಗುತ್ತಿದ್ದವು. ಅವಳ ತುರುಬು ಅಲುಗಲಿಲ್ಲ. ಗದ್ದೆಗಿಳಿಯುವ ತಾಯಂದಿರೂ ಹೀಗೆಯೇ ಕಟ್ಟುವರಷ್ಟೆ. ಸೋಮವಾರ ಅದೇ ಸಾಲಿನ ಮುಂದೆ ನಿಂತು ನಾವು ಅವಳ ಕ್ಷಮೆ ಕೇಳಿದೆವು. ಎಲ್ಲರೆದುರು ಆಡಿದ ಮಾತನ್ನು ಕೋಣೆಯೊಳಗೆ ಹಿಂತೆಗೆದುಕೊಳ್ಳುವುದು ನ್ಯಾಯವಲ್ಲವೆಂದು ತೋರಿತು. ಮುಂದಿನ ಶನಿವಾರ ಅವಳೇ ಇತರರಿಗೆ ಕಲಿಸಿದಳು.

ವಿಧಾನ ಸುಲಭ. ಕೂದಲು ಚೆನ್ನಾಗಿ ಆರಿರಬೇಕು. ಒದ್ದೆಯಾಗಿ ಕಟ್ಟಿದರೆ ವಾಸನೆ ಹಿಡಿಯುವುದು. ಸಿಕ್ಕು ಬಿಡಿಸಿ, ಕತ್ತಿನ ಮೇಲೆ ಒಟ್ಟುಗೂಡಿಸಿ, ಒಂದೇ ಕಡೆಗೆ ಹೊಸೆದು ಸುರುಳಿ ಸುತ್ತಿ, ತುದಿಯನ್ನು ಒಳಕ್ಕೆ ಸೇರಿಸಿ ಎರಡು ಪಿನ್ನುಗಳನ್ನು ಸಿಕ್ಕಿಸಿದರೆ ಸಾಕು. ಪ್ರತಿದಿನವೂ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಉದುರುವುದುಂಟು. ಈ ಎಚ್ಚರಿಕೆ ನಮ್ಮ ಬಿಗಿ ಜಡೆಗಳಿಗೂ ಸಲ್ಲತಕ್ಕದ್ದು.

ತುರುಬು ಮುದುಕಿಯರದೆಂಬ ಮಾತನ್ನು ಈಗ ನಾವು ಆಡುವುದಿಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯದೂ ತುರುಬೇ. ಅವಳದು ಅಲಂಕಾರದ್ದು, ನಮ್ಮ ಬಾಲಿಕೆಯರದು ಕೆಲಸದ್ದು, ಇಷ್ಟೇ ಭೇದ.

ವಾರದ ಉಳಿದ ದಿನಗಳಲ್ಲಿ ಎರಡು ಜಡೆಯ ನಿಯಮ ಇಂದಿಗೂ ಇದೆ. ಆದರೆ ಯಾವಳಾದರೂ ಜಡೆಯಿಲ್ಲದೆ ಬಂದರೆ, ಗದರಿಸುವುದಕ್ಕೆ ಮೊದಲು, “ಬೆಳಿಗ್ಗೆ ಮನೆಯಲ್ಲಿ ಯಾರಿದ್ದರಮ್ಮಾ?” ಎಂದು ಕೇಳುವುದನ್ನು ನಾವು ಕಲಿತಿದ್ದೇವೆ.