ಮಣಿಕಟ್ಟಿಗೆ ಬಂದ ಲೆಕ್ಕ

ನೀರು ಹೊಗದ ಕೈಗಡಿಯಾರ, ಆಳ ತೋರಿಸುವ ಗೇಜು, ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾದ ಟೇಬಲ್ಲು, ಒಂದು ಸ್ಲೇಟು, ಒಂದು ಪೆನ್ಸಿಲ್ಲು. ಸ್ಕೂಬಾ ಡೈವರುಗಳ ಲೆಕ್ಕದ ಸರಂಜಾಮು ಒಂದು ಕಾಲಕ್ಕೆ ಇಷ್ಟೇ. ಮೇಲೆ ಬಂದವರು ಮೈ ಒಣಗುವ ಮುಂಚೆಯೇ ದೋಣಿಯ ಅಂಚಿನಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದರು. ಎಷ್ಟು ಆಳಕ್ಕೆ ಹೋಗಿದ್ದು, ಎಷ್ಟು ಹೊತ್ತು ಇದ್ದದ್ದು, ಮೈಯಲ್ಲಿ ಇನ್ನೆಷ್ಟು ಸಾರಜನಕ ಉಳಿದಿದೆ, ಮುಂದಿನ ಡೈವಿನಲ್ಲಿ ಎಷ್ಟು ನಿಮಿಷ ಕಡಿಮೆ ಮಾಡಿಕೊಳ್ಳಬೇಕು ಎಂದು ಕೂಡಿ ಕಳೆದು, ಜೊತೆಗಾರನ ಲೆಕ್ಕದೊಂದಿಗೆ ತಾಳೆ ನೋಡಿದ ಮೇಲೇ ಉಳಿದ ಮಾತು. ಈಗ ಆ ಕೂಡುವಿಕೆ ಕಳೆಯುವಿಕೆ ಮಣಿಕಟ್ಟಿನ ಮೇಲೆ ತಾನಾಗಿ ನಡೆಯುತ್ತದೆ. ಮೊದಲ ಡೈವ್ ಕಂಪ್ಯೂಟರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಅದರೊಳಗಿನ ಅಲ್ಗಾರಿದಮ್ ಯಾವುದು, ಅದು ಎಷ್ಟು ಒಳ್ಳೆಯದು ಎಂದು. ಈ ಬದಲಾವಣೆಯನ್ನು ಉದ್ದಕ್ಕೂ ನೋಡುತ್ತ ಬಂದ ನನ್ನ ಲೆಕ್ಕದಲ್ಲಿ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ.

ಟೇಬಲ್ಲಿಗೆ ಒಂದು ದೊಡ್ಡ ಮಿತಿ ಇತ್ತು. ಡೈವಿನ ಅತಿ ಆಳದ ಬಿಂದು ಯಾವುದೋ, ಇಡೀ ಡೈವ್ ಅಲ್ಲೇ ಕಳೆಯಿತು ಎಂದೇ ಅದು ಎಣಿಸುತ್ತಿತ್ತು. 1988ರಲ್ಲಿ ಬಂದ, ಮುಂದೆ ಲೋಕವೆಲ್ಲ ಬಳಸಿದ, ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಟೇಬಲ್ಲಿನಲ್ಲಿ 18 ಮೀಟರಿಗೆ ಹೆಚ್ಚೆಂದರೆ 56 ನಿಮಿಷ. ಆ 18 ಮೀಟರನ್ನು ಐದು ನಿಮಿಷ ಮುಟ್ಟಿ, ಉಳಿದ ಹೊತ್ತನ್ನೆಲ್ಲ ಹತ್ತು ಮೀಟರಿನ ಹವಳದ ಮೇಲೆ ಕಳೆದರೂ ಸಿಗುವುದು ಅದೇ 56. ಯಾರೂ ನಿಜವಾಗಿ ಹಾಗೆ ಒಂದೇ ಆಳದಲ್ಲಿ ಈಜುವುದಿಲ್ಲ. ನಿಜದ ಡೈವನ್ನು ಕ್ಷಣಕ್ಷಣಕ್ಕೂ ಅಳೆಯುವ ಯಂತ್ರಕ್ಕಾಗಿ ಹುಡುಕಾಟ ಬಹಳ ಹಿಂದೆಯೇ ಶುರುವಾದದ್ದು ಟೇಬಲ್ಲುಗಳ ಈ ಮಿತಿಯಿಂದಲೇ. 1959ರ ಹೊತ್ತಿಗೆ ಇಟಲಿಯಲ್ಲಿ ಸೆರಾಮಿಕ್ ತುಂಡಿನ ಸಣ್ಣ ರಂಧ್ರಗಳಲ್ಲಿ ಗಾಳಿ ನುಸುಳುವ ವೇಗವನ್ನೇ ಮೈಯೊಳಗಿನ ಸಾರಜನಕದ ನಕಲು ಮಾಡಿದ ಒಂದು ಮೀಟರು ಬಂತು. ಎಲೆಕ್ಟ್ರಾನಿಕ್ ಯಂತ್ರ ಡೈವರುಗಳ ಕೈಗೆ ನಿಜವಾಗಿ ದಕ್ಕಿದ್ದು 1983ರಲ್ಲಿ, ಅಮೆರಿಕದ ಓರ್ಕಾ ಕಂಪನಿಯ ಎಡ್ಜ್ ಮೂಲಕ. ಅದು ಇಟ್ಟಿಗೆಯಂಥ ಯಂತ್ರ, ಆದರೆ ಕೊಟ್ಟದ್ದು ದೊಡ್ಡದು: ಮೇಲಕ್ಕೆ ಬಂದಷ್ಟೂ ಸಮಯ ವಾಪಸು ಸಿಗುತ್ತದೆ ಎಂಬುದನ್ನು ಪರದೆಯ ಮೇಲೆ ಕಣ್ಣಾರೆ ತೋರಿಸಿತು.

ಆಮೇಲೆ ಶುರುವಾಯಿತು ಅಲ್ಗಾರಿದಮ್ಮುಗಳ ಜಗಳ. ಎಲ್ಲಕ್ಕೂ ತಾಯಿಬೇರು 1908ರಲ್ಲಿ ಆಡುಗಳ ಮೇಲೆ ಪ್ರಯೋಗ ಮಾಡಿ ಟೇಬಲ್ ಕಟ್ಟಿದ ಜಾನ್ ಸ್ಕಾಟ್ ಹಾಲ್ಡೇನ್. ದೇಹವನ್ನು ಬೇರೆಬೇರೆ ವೇಗದಲ್ಲಿ ಸಾರಜನಕ ಹೀರಿ ಬಿಡುವ ಐದು ಕೋಣೆಗಳೆಂದು ಅವರು ಊಹಿಸಿದರು. ಜ್ಯೂರಿಕ್‌ನ ಆಲ್ಬರ್ಟ್ ಬ್ಯೂಲ್ಮನ್ ಆ ಕೋಣೆಗಳನ್ನು ಹದಿನಾರಕ್ಕೆ ಏರಿಸಿದರು. ಇನ್ನು ಕೆಲವರು ಮೈಯೊಳಗೆ ಏಳುವ ಸಾರಜನಕದ ಗುಳ್ಳೆಗಳ ಲೆಕ್ಕವೇ ಬೇರೆ ಎಂದರು. ಆ ವಾದದ ಬೆನ್ನೇರಿ, ಮೇಲೆ ಬರುವಾಗ ಆಳದಲ್ಲೇ ಮೊದಲ ನಿಲುಗಡೆ ಮಾಡಬೇಕೆಂಬ ‘ಡೀಪ್ ಸ್ಟಾಪ್’ ಒಂದು ಕಾಲಕ್ಕೆ ಮತದ ಹಾಗೆ ಹಬ್ಬಿತು. ಅದಿಲ್ಲದ ಕಂಪ್ಯೂಟರ್ ಹಳೆಯದು ಎನ್ನುವಷ್ಟು. 2011ರಲ್ಲಿ ಅಮೆರಿಕದ ನೌಕಾಪಡೆ 170 ಅಡಿಯ ಡೈವುಗಳ ಪ್ರಯೋಗದ ವರದಿ ಪ್ರಕಟಿಸಿತು. ಆಳದಲ್ಲಿ ನಿಂತು ಬಂದವರ 198 ಡೈವುಗಳಲ್ಲಿ 11 ಸಲ ಬೆಂಡ್ಸ್, ಅಂದರೆ ಆ ಗುಳ್ಳೆಗಳಿಂದ ಬರುವ ಕಾಯಿಲೆ, ಕಾಣಿಸಿಕೊಂಡಿತ್ತು, ಮೇಲೆ ನಿಂತವರ 192ರಲ್ಲಿ 3 ಸಲ. ಅದು ಮೋಜಿನ ಡೈವುಗಳ ಮೇಲಿನ ಪ್ರಯೋಗವಲ್ಲ ನಿಜ, ಆದರೂ ಮತ ಸಡಿಲವಾಯಿತು. ‘ಇದರ ಗಣಿತವೇ ಸರಿ’ ಎಂದು ಬೆಲೆ ಹೆಚ್ಚು ಕೊಟ್ಟವರ ಕೈಯಲ್ಲಿ ಉಳಿದದ್ದು ಹೋದ ವರ್ಷಗಳ ಫ್ಯಾಷನ್ನು.

ಹಾಗಾದರೆ ಅತ್ಯಂತ ಎಚ್ಚರಿಕೆಯ ಲೆಕ್ಕ ಹಾಕುವ ಯಂತ್ರವೇ ಹೊಸಬರಿಗೆ ಕ್ಷೇಮವಲ್ಲವೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಉತ್ತರ ಸಿಲಿಂಡರಿನಲ್ಲಿದೆ. ಸಾಮಾನ್ಯ ಅಲ್ಯೂಮಿನಿಯಮ್ ಸಿಲಿಂಡರು 11 ಲೀಟರಿನದು. 200 ಬಾರ್ ತುಂಬಿಸಿ 50 ಉಳಿಸಿಕೊಂಡರೆ ಬಳಸಲು ಸಿಗುವುದು ಸುಮಾರು 1650 ಲೀಟರ್ ಗಾಳಿ. ಹೊಸ ಡೈವರು ದಡದ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾನೆ ಎಂದಿಟ್ಟುಕೊಳ್ಳಿ. 16 ಮೀಟರ್ ಆಳದಲ್ಲಿ ಅದು 52 ಲೀಟರ್ ಆಗುತ್ತದೆ. ಅರ್ಧ ಗಂಟೆ ದಾಟುವಷ್ಟರಲ್ಲಿ ಗಾಳಿ ಮುಗಿಯಿತು. ಅದೇ ಆಳಕ್ಕೆ ಟೇಬಲ್ ಕೊಡುವ ಅವಧಿ 72 ನಿಮಿಷ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಬಂಡೆಗಳ ನಡುವೆ ಒಂದೆರಡು ಡೈವ್ ಮಾಡಿ ಬರುವವರಿಗೆ ಯಾವ ಅಲ್ಗಾರಿದಮ್ಮಿನ ಗಡಿಯೂ ಸಾಮಾನ್ಯವಾಗಿ ತಾಗುವುದೇ ಇಲ್ಲ. ವ್ಯತ್ಯಾಸ ಕಾಣುವುದು 30 ಮೀಟರಿನ ಆಸುಪಾಸಿನಲ್ಲಿ, ಅಥವಾ ಒಂದೇ ದಿನದ ಮೂರನೆಯ ನಾಲ್ಕನೆಯ ಡೈವಿನಲ್ಲಿ. ಅಲ್ಲಿಗೂ ಇವತ್ತಿನ ಒಳ್ಳೆಯ ಯಂತ್ರಗಳಲ್ಲಿ ಎಚ್ಚರಿಕೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ಸೆಟ್ಟಿಂಗ್ ಇದೆ.

ಕಂಪ್ಯೂಟರ್ ನಿಜವಾಗಿ ಬದಲಾಯಿಸಿದ್ದು ಮೇಲೆ ಬರುವ ವೇಗವನ್ನು. ಹಿಂದೆ ನಿಮಿಷಕ್ಕೆ 18 ಮೀಟರ್ ಒಪ್ಪಿಗೆಯಾಗಿತ್ತು, ಅದನ್ನೂ ನಿಮ್ಮ ಉಸಿರಿನ ಸಣ್ಣ ಗುಳ್ಳೆಗಳನ್ನು ಮೀರಿ ಏರಬೇಡಿ ಎಂಬ ಕಣ್ಣಂದಾಜಿನಲ್ಲೇ ಪಾಲಿಸಬೇಕಿತ್ತು. ಈಗ ಒಂಬತ್ತು ಹತ್ತು ಮೀಟರ್ ರೂಢಿ, ಮೀರಿದರೆ ಕೈ ಕಿರುಚುತ್ತದೆ. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದನ್ನೂ ಅದೇ ಎಣಿಸುತ್ತದೆ. ಹೊಸಬರಿಗೆ ದಿನನಿತ್ಯ ನೆರವಾಗುವುದು ಇದು. ಆದರೆ ಮಾಸ್ಕಿಗೆ ಮಂಜು ಕವಿದಾಗ, ನೀರು ಕಲಕಿದಾಗ, ಸ್ವಲ್ಪ ಗಾಬರಿಯಾದಾಗ ಆಳವನ್ನೂ ಉಳಿದ ನಿಮಿಷವನ್ನೂ ಒಂದೇ ನೋಟಕ್ಕೆ ಓದಲಾಗದಿದ್ದರೆ ಒಳಗಿನ ಹದಿನಾರು ಕೋಣೆಗಳಿಂದ ಏನೂ ಪ್ರಯೋಜನವಿಲ್ಲ. ದಪ್ಪ ಅಂಕಿ, ತೋರುಬೆರಳಿಗೆ ಸಿಗುವ ಗುಂಡಿ, ಮನೆಯಲ್ಲೇ ಬದಲಿಸಬಹುದಾದ ಬ್ಯಾಟರಿ, ಮುಂದೆ ಬೇಕಾದೀತೆಂದು ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಸೆಟ್ಟಿಂಗು. ಮೊದಲ ಯಂತ್ರಕ್ಕೆ ಇಷ್ಟು ಸಾಕು. ಚಾಳೀಸು ದಾಟಿದ ಕಣ್ಣುಗಳು ಅಂಗಡಿಯ ದೀಪದಡಿ ಓದಿ ತೃಪ್ತಿಪಡದೆ ಕತ್ತಲ ಕೋಣೆಗೊಮ್ಮೆ ಒಯ್ದು ನೋಡುವುದು ಒಳ್ಳೆಯದು.

ಗೈಡಿನ ಕೈಯಲ್ಲಿ ಕಂಪ್ಯೂಟರ್ ಇರುವಾಗ ನಮಗೇಕೆ ಸ್ವಂತದ್ದು ಎನ್ನುವವರಿದ್ದಾರೆ. ಅಮೆರಿಕದ ವೈಜ್ಞಾನಿಕ ಡೈವರುಗಳು 1988ರ ಕಾರ್ಯಾಗಾರದಲ್ಲೇ ಇದನ್ನು ಚರ್ಚಿಸಿ, ಕಂಪ್ಯೂಟರ್ ನಂಬಿ ಇಳಿಯುವ ಪ್ರತಿಯೊಬ್ಬರಿಗೂ ಬೇರೆಯದೇ ಇರಬೇಕೆಂದರು. ಗೈಡು ಎರಡು ಮೀಟರ್ ಮೇಲೆ ತೇಲುತ್ತಿದ್ದರೆ ಅವನ ಯಂತ್ರಕ್ಕೆ ನಿಮ್ಮ ಆಳ ಗೊತ್ತಿಲ್ಲ; ಬೆಳಗಿನ ಡೈವಿನಲ್ಲಿ ನೀವು ಇದ್ದಿರೋ ಇಲ್ಲವೋ ಅದೂ ಗೊತ್ತಿಲ್ಲ. ಬಾಡಿಗೆಗೆ ದಿನಕ್ಕೊಂದು ಯಂತ್ರ ಕಟ್ಟಿಕೊಂಡರೂ ಇದೇ ತೊಂದರೆ. 2022ರಲ್ಲಿ ಆಪಲ್ ವಾಚ್ ಅಲ್ಟ್ರಾ 40 ಮೀಟರ್‌ವರೆಗಿನ ಡೈವಿಗೆ ಬಂದ ಮೇಲೆ, ಹೇಗೂ ಕೈಗೆ ಗಡಿಯಾರ ಬೇಕಲ್ಲ, ಎರಡೂ ಒಂದರಲ್ಲೇ ಆಗಲಿ ಎಂಬ ವಾದವೂ ಬಲವಾಗಿದೆ. ಪರದೆ ಚೆನ್ನಾಗಿದೆ, ಒಪ್ಪಬೇಕು. ಆದರೆ ರಾತ್ರಿ ಚಾರ್ಜಿಗೆ ಹಾಕಲು ಮರೆತ ವಾಚು ಬೆಳಿಗ್ಗೆ ದೋಣಿ ಹತ್ತುವ ಹೊತ್ತಿಗೆ ಬರೀ ಬಳೆ. ಇನ್ನು ಅಗ್ಗದ್ದು ತೆಗೆದುಕೊಂಡರೆ ನಾಲ್ಕು ವರ್ಷಕ್ಕೆ ಸಾಲದೆ ಹೋಗುತ್ತದೆ ಎಂದು ಹೆದರಿಸುವವರ ಮಾತೂ ಪೂರ್ತಿ ಸುಳ್ಳಲ್ಲ. ಹಾಗೆ ಸಾಲದೆ ಹೋದ ದಿನ ಹೊಸದೊಂದನ್ನು ಬಲಗೈಗೆ ಕಟ್ಟಿ, ಹಳೆಯದನ್ನು ಎಡಗೈಯಲ್ಲೇ ಉಳಿಸಿಕೊಳ್ಳಬಹುದು. ಆಳಕ್ಕೆ ಹೋಗುವ ಅನುಭವಿಗಳು ಎರಡು ಕಟ್ಟುವುದು ಹೊಸ ವಿಷಯವೇನಲ್ಲ.