ಅಜ್ಜಿಯ ಮಾತೂ ಯಂತ್ರದ ಕಿವಿಯೂ

ಪೆರಾಬೆಯ ಒಂದು ತೋಟದ ಮನೆ. ಅಂಗಳದ ತುಂಬ ಅಡಿಕೆ ಹರಡಿತ್ತು. ಅಜ್ಜಿಯವರು ಮೊಮ್ಮಗನ ಮೊಬೈಲಿನೊಡನೆ, “ಇನಿ ಬರ್ಸ ಬರ್ಪುಂಡಾ?” ಎಂದು ತುಳುವಿನಲ್ಲಿ ಮಳೆಯ ವಿಚಾರವನ್ನು ಕೇಳಿದರು. ಯಂತ್ರವು ಬಸ್ಸಿನ ವೇಳೆಯನ್ನು ಹೇಳಿತು. ಸರಿಯಾಗಿ ಮಾತನಾಡಬೇಕೆಂದು ಹುಡುಗನು ನಕ್ಕನು, ಅಜ್ಜಿಯವರು ಮೌನವಾದರು.

ಕನ್ನಡಕ್ಕೆಂದು ಅಣಿಗೊಳಿಸಿದ ಯಂತ್ರವು ಕಿವಿಗೆ ಬಿದ್ದ ಧ್ವನಿಯನ್ನು ತಾನು ಕಲಿತ ಪದಗಳಲ್ಲಿ ಸಮೀಪದ್ದಕ್ಕೆ ಹೊಂದಿಸುತ್ತದೆ; ಬರ್ಸವು ಬಸ್ಸಾದುದು ಹೀಗೆ. ೨೦೨೪ರಲ್ಲಿ ಗೂಗಲ್ ಬರಹದ ಅನುವಾದಕ್ಕೆ ತುಳುವನ್ನು ಸೇರಿಸಿತು. ಆಡುಮಾತನ್ನು ಅರಿಯುವುದು ಬೇರೆಯೇ ವಿದ್ಯೆ.

“ಅದಕ್ಕೆ ಬಾರದ ಭಾಷೆಗಾಗಿ ಅಜ್ಜಿಯೇಕೆ ತಲೆತಗ್ಗಿಸಬೇಕು?” ಎಂದು ತಾಯಿ ಮಗನನ್ನು ಕೇಳಿದಳು. ಮರುದಿನದಿಂದ ಹುಡುಗನು ಕನ್ನಡದಲ್ಲಿ ಕೇಳಿ, ಉತ್ತರವನ್ನು ತುಳುವಿನಲ್ಲಿ ಅಜ್ಜಿಗೆ ಒಪ್ಪಿಸತೊಡಗಿದನು. ಅವರು ಅದನ್ನು ಆಲಿಸಿ, ಮುಗಿಲನ್ನೊಮ್ಮೆ ನೋಡಿದ ಬಳಿಕವೇ ಅಡಿಕೆಯನ್ನು ಹರಡಿಸುತ್ತಾರೆ.